ಪ್ರಾಪ್ ಫರ್ಮೋ, ಸ್ವಂತ ರೊಕ್ಕವೋ: ಟ್ರೇಡಿಂಗ್‌ಗೆ ಇಳಿಯುವ ಮುಂಚೆ ಹಾಕಬೇಕಾದ ಲೆಕ್ಕ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ನಮ್ಮ ಆಫೀಸಿಗೆ ಐಟಿಆರ್-3 (ವ್ಯಾಪಾರದ ಆದಾಯ ಇರುವವರ ತೆರಿಗೆ ರಿಟರ್ನ್) ತುಂಬಿಸಲು ಬರುವ ಹುಡುಗರು ಈಗೀಗ ಒಂದೇ ಮಾತು ಕೇಳುತ್ತಾರೆ: ‘ಮೇಡಂ, ಸ್ವಂತ ರೊಕ್ಕ ಯಾಕ ಕಳಕೋಬೇಕು? ಪ್ರಾಪ್ ಫರ್ಮ್ ಸೇರಿದ್ರ ಹೆಂಗ?’ ಪ್ರಾಪ್ (ಪ್ರೊಪ್ರೈಟರಿ) ಫರ್ಮ್ ಅಂದರೆ ತನ್ನದೇ ಬಂಡವಾಳದಲ್ಲಿ ಟ್ರೇಡ್ ಮಾಡಿಸುವ ಕಂಪನಿ.

ಯಾವ ಥರದ ಫರ್ಮ್ ಅನ್ನೋದನ್ನ ಮೊದಲು ನೋಡಿ. ಕಂಪನಿಯ ಬಂಡವಾಳದಲ್ಲಿ ಟ್ರೇಡ್ ಮಾಡಿಸಿ ಸಂಬಳ, ಬೋನಸ್ ಕೊಡುವ ನಿಜವಾದ ಡೆಸ್ಕ್‌ಗಳು ಮುಂಬೈ, ಬೆಂಗಳೂರು, ಗುರುಗ್ರಾಮದಲ್ಲಿವೆ. ಅವು ನಿಮ್ಮಿಂದ ಫೀ ಕೇಳುವುದಿಲ್ಲ, ಗಣಿತ ಮತ್ತು ಕೋಡಿಂಗ್ ಕೇಳುತ್ತವೆ. ಷೇರುಪೇಟೆಯ ನಿಯಂತ್ರಕ ಸೆಬಿಯ 2024ರ ವರದಿ ತೆಗೆದು ನೋಡಿ: 2023-24ರಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಅಂಡ್ ಆಪ್ಷನ್ಸ್, ಅಂದರೆ ಮುಂದಿನ ದಿನಾಂಕದ ಬೆಲೆಯ ಮೇಲಿನ ಕರಾರು) ವಹಿವಾಟಿನಲ್ಲಿ ಪ್ರಾಪ್ ಟ್ರೇಡರ್‌ಗಳ ಒಟ್ಟು ಲಾಭ ಸುಮಾರು 33,000 ಕೋಟಿ, ಅದರಲ್ಲಿ 96 ಪ್ರತಿಶತ ಆಲ್ಗೋಗಳಿಂದ, ಅಂದರೆ ತಾವಾಗಿಯೇ ಟ್ರೇಡ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂಗಳಿಂದ, ಬಂದದ್ದು. ಅದೇ ವರದಿ ಪ್ರಕಾರ ಮೂರು ವರ್ಷಗಳಲ್ಲಿ ಬಿಡಿ ಟ್ರೇಡರ್‌ಗಳ ಪೈಕಿ 93 ಪ್ರತಿಶತ ಜನ ಕಳೆದುಕೊಂಡವರು, ತಲಾ ಸರಾಸರಿ 2 ಲಕ್ಷ. ಮೊಬೈಲ್ ಹಿಡಿದು ಕೂತವನ ಎದುರಿಗೆ ಯಾರಿದ್ದಾರೆ ಅನ್ನೋದು ಗೊತ್ತಾಯ್ತಲ್ಲ.

ಹುಡುಗರು ಹೇಳುವ ಪ್ರಾಪ್ ಫರ್ಮ್ ಇದಲ್ಲ. ಅವರದ್ದು ಆನ್‌ಲೈನ್ ‘ಚಾಲೆಂಜ್’: ಫೀ ಕಟ್ಟಿ ಡೆಮೊ (ನಕಲಿ ದುಡ್ಡಿನ) ಅಕೌಂಟಿನಲ್ಲಿ ಕೊಡುವ ಟ್ರೇಡಿಂಗ್ ಪರೀಕ್ಷೆ, ಪಾಸಾದರೆ ಲಾಭದಲ್ಲಿ ಪಾಲು. ಸುಮಾರು 500 ಡಾಲರ್ ಫೀ ಕಟ್ಟಿ, 1 ಲಕ್ಷ ಡಾಲರ್ ಅಕೌಂಟ್ ತಗೊಳ್ಳಿ ಅಂತಾರೆ. ಸಾಮಾನ್ಯ ನಿಯಮ ಹೀಗಿರುತ್ತೆ: ಮೊದಲ ಹಂತದಲ್ಲಿ 10 ಪ್ರತಿಶತ ಲಾಭ, ಎರಡನೆಯದರಲ್ಲಿ 5 ಗಳಿಸಬೇಕು. ದಿನಕ್ಕೆ 5 ಅಥವಾ ಒಟ್ಟು 10 ಪ್ರತಿಶತಕ್ಕಿಂತ ಹೆಚ್ಚು ನಷ್ಟವಾದರೆ ಔಟ್. ಅಂದಮೇಲೆ ನಿಮ್ಮ ಕೈಲಿರುವುದು 10,000 ಡಾಲರ್ ಮಾತ್ರ. ಉಳಿದ 90,000 ಶೋಕೇಸಿನ ಗೊಂಬೆ.

ಇನ್ನೊಂದು ಲೆಕ್ಕ. ಏನೂ ಗೊತ್ತಿಲ್ಲದೆ ನಾಣ್ಯ ಚಿಮ್ಮಿ ಟ್ರೇಡ್ ಮಾಡುವವನಿಗೂ 10 ಕಳೆಯುವ ಮುಂಚೆ 10 ಗಳಿಸುವ ಸಾಧ್ಯತೆ ಅರ್ಧ. 10 ಕಳೆಯುವ ಮುಂಚೆ 5 ಗಳಿಸುವುದು ಮೂರರಲ್ಲಿ ಎರಡು ಪಾಲು. ಗುಣಿಸಿದರೆ ಮೂರರಲ್ಲಿ ಒಂದು. ಸ್ಪ್ರೆಡ್ಡು (ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ), ದಿನದ ಮಿತಿ ಸೇರಿದರೆ ಇನ್ನೂ ಇಳಿಯುತ್ತೆ. ಹಾಗಾಗಿ ಪಾಸಾದ ಸರ್ಟಿಫಿಕೇಟನ್ನು ಸ್ಟೇಟಸ್‌ಗೆ ಹಾಕೋದು ಬೇಕಾದರೆ ಹಾಕಿ, ಕೆಲಸ ಬಂತು ಅಂದ್ಕೋಬೇಡಿ. ಪಾಸಾದ ಮೇಲೂ ಎಷ್ಟೋ ಕಡೆ ಅಕೌಂಟ್ ಡೆಮೊ ಆಗಿಯೇ ಇರುತ್ತೆ. ಕರಾರಿನಲ್ಲೇ ಬರೆದಿರುತ್ತಾರೆ, ಓದುವವರಿಲ್ಲ. ಡೆಮೊದಲ್ಲಿ ಗೆದ್ದವನಿಗೆ ಕೊಡುವ ದುಡ್ಡು ಎಲ್ಲಿಂದ ಬರುತ್ತೆ? ಬಹುಪಾಲು ಸೋತವರ ಫೀಯಿಂದ.

ಕಾನೂನಿನ ತಂಟೆ ಬೇರೆ. ಈ ಚಾಲೆಂಜುಗಳಲ್ಲಿ ಹೆಚ್ಚಿನವು ಫಾರೆಕ್ಸ್, ಅಂದರೆ ವಿದೇಶಿ ಕರೆನ್ಸಿಯ ಟ್ರೇಡಿಂಗ್. ಭಾರತದಲ್ಲಿರುವವರು ಫಾರೆಕ್ಸ್ ಟ್ರೇಡ್ ಮಾಡುವುದಿದ್ದರೆ ಮಾನ್ಯತೆ ಪಡೆದ ಎಕ್ಸ್‌ಚೇಂಜಿನಲ್ಲಿ ಅಥವಾ ಆರ್‌ಬಿಐ ಒಪ್ಪಿದ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ. ಅಲ್ಲದವುಗಳ ಎಚ್ಚರಿಕೆ ಪಟ್ಟಿಯನ್ನು ಆರ್‌ಬಿಐ 2022ರಿಂದ ಹೊರಡಿಸುತ್ತಿದೆ. ‘ನಾನು ಕಟ್ಟಿದ್ದು ಮಾರ್ಜಿನ್ (ಟ್ರೇಡಿಗೆ ಇಡುವ ಮುಂಗಡ) ಅಲ್ಲ, ಪರೀಕ್ಷಾ ಫೀ’ ಅಂತ ವಾದಿಸಬಹುದು. ವಾದ ಮಾಡಲು ವಕೀಲರ ಫೀ ಬೇರೆ ಬೇಕು. ದುಡ್ಡು ಕ್ರಿಪ್ಟೋದಲ್ಲಿ ಬಂದರಂತೂ ರಿಟರ್ನ್ ತುಂಬುವ ನಮಗೂ ತಲೆನೋವು.

ಊರಲ್ಲೇ ಕೆಲವರು ‘ಡಿಪಾಸಿಟ್ ಇಡಿ, ಹತ್ತು ಪಟ್ಟು ಲಿಮಿಟ್ ಕೊಡ್ತೀವಿ’ ಅಂತಾರೆ. ಸಂಜೆ ನಿಮ್ಮ ಹೆಸರಿಗೆ ಕಾಂಟ್ರಾಕ್ಟ್ ನೋಟ್ (ಆ ದಿನದ ವಹಿವಾಟಿಗೆ ಬ್ರೋಕರ್ ಕೊಡುವ ಲೆಕ್ಕಪತ್ರ) ಬರುತ್ತಾ ಕೇಳಿ. ಇಲ್ಲ ಅಂದರೆ ಅದು ಡಬ್ಬಾ, ಅಂದರೆ ಎಕ್ಸ್‌ಚೇಂಜಿನ ಹೊರಗೆ ನಡೆಯುವ ಅಕ್ರಮ ವ್ಯವಹಾರ ಇದ್ದೀತು, ಎದ್ದು ಬನ್ನಿ.

ಸ್ವಂತ ಅಕೌಂಟಿನಲ್ಲಿ ಸೋತರೂ ಕಾಗದ ನಿಮ್ಮ ಹೆಸರಿಗಿರುತ್ತೆ. ರಿಟರ್ನ್ ಗಡುವಿನೊಳಗೆ ಸಲ್ಲಿಸಿದರೆ ಎಫ್ ಅಂಡ್ ಓ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ಹೊಸಬರಿಗೆ ಎಫ್ ಅಂಡ್ ಓ ಬೇಡ ಅಂತಲೇ ನನ್ನ ಮಾತು. 2024ರ ನವೆಂಬರಿನಿಂದ ಹೊಸ ಇಂಡೆಕ್ಸ್ (ನಿಫ್ಟಿಯಂಥ ಸೂಚ್ಯಂಕದ) ಕಾಂಟ್ರಾಕ್ಟಿನ ಮೌಲ್ಯವೇ ಕನಿಷ್ಠ 15 ಲಕ್ಷ.

ಹೀಗೆ ಮಾಡಿ: 50,000 ಇಡಿ, ಚಾಲೆಂಜಿನ ಶಿಸ್ತನ್ನು ಪುಕ್ಕಟೆಯಾಗಿ ಎರವಲು ತಗೊಳ್ಳಿ. ದಿನಕ್ಕೆ 1 ಪ್ರತಿಶತ, ಅಂದರೆ 500 ರೂಪಾಯಿ ಹೋದರೆ ಆಟ ಬಂದ್. 400ರ ಷೇರು, 395ಕ್ಕೆ ಸ್ಟಾಪ್‌ಲಾಸ್ (ಆ ಬೆಲೆಗಿಳಿದರೆ ತಾನಾಗಿ ಮಾರುವ ಆರ್ಡರ್) ಅಂದರೆ 100 ಷೇರು, ಅಷ್ಟೇ. ಆ 40,000ದ ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ವಹಿವಾಟಿಗೆ ಬ್ರೋಕರೇಜು, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಜಿಎಸ್‌ಟಿ ಎಲ್ಲ ಸೇರಿ ಸುಮಾರು 40 ರೂಪಾಯಿ. ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಆಡಿದರೆ, ಬೆಲೆ ಒಂದು ಪೈಸೆ ಅಲುಗದಿದ್ದರೂ 400 ಖಲಾಸ್. ತಡೆಯಲಾಗದವರಿಗೆ ಕೆಲವು ಬ್ರೋಕರ್ ಆ್ಯಪ್‌ಗಳಲ್ಲಿ ಕಿಲ್ ಸ್ವಿಚ್, ಅಂದರೆ ಟ್ರೇಡಿಂಗನ್ನೇ ತಾತ್ಕಾಲಿಕವಾಗಿ ಬಂದ್ ಮಾಡುವ ಬಟನ್ ಇದೆ. ನಷ್ಟವಾಗುವ ಮುಂಚೆಯೇ ಅದು ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ.

ಡೆಸ್ಕೇ ಸೇರಬೇಕು ಅನ್ನುವವರು ಚಾಲೆಂಜ್ ಫೀಗೆ ಇಟ್ಟ ದುಡ್ಡಿನಲ್ಲಿ ಪೈಥಾನ್ ಕಲಿಯಿರಿ. ಬ್ರೋಕರ್ ಕಂಪನಿಯಲ್ಲಿ ಎಫ್ ಅಂಡ್ ಓ ಆರ್ಡರ್ ಹಾಕುವ ಡೀಲರ್ ಆಗುವುದಿದ್ದರೆ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆ, ಸೀರೀಸ್-8, ಹೇಗೂ ಬರೆಯಲೇಬೇಕು.