ಹ್ಯಾಂಬಲ್ಡನ್ ಕಾಲದ ವೇಗದ ಬೌಲಿಂಗ್: ನಾನು ಕೈಯಾರೆ ಮಾಡಿ ನೋಡಿದ್ದು

1864ರವರೆಗೆ ಇಂಗ್ಲೆಂಡಿನಲ್ಲಿ ಕೈಯನ್ನು ಭುಜಕ್ಕಿಂತ ಮೇಲೆತ್ತಿ ಬೌಲ್ ಮಾಡುವುದು ನಿಯಮಬಾಹಿರವಾಗಿತ್ತು. 1828ರವರೆಗೆ ಮೊಣಕೈ ಮಟ್ಟಕ್ಕೆ ಎತ್ತುವುದಕ್ಕೂ ಒಪ್ಪಿಗೆ ಇರಲಿಲ್ಲ. ಆದರೂ ಅಂಡರ್‌ಆರ್ಮ್, ಅಂದರೆ ಕೈಯನ್ನು ಕೆಳಗಿನಿಂದ ಬೀಸಿ ಹಾಕುವ ಬೌಲಿಂಗ್ ಒಂದೇ ಇದ್ದ ಕಾಲದ ಕೆಲವು ಬೌಲರುಗಳ ವೇಗದ ಬಗ್ಗೆ ಅವರೊಡನೆ ಆಡಿದವರು ಬೆರಗಿನಿಂದಲೇ ಬರೆದಿದ್ದಾರೆ. ಹಾಸನದ ಮ್ಯಾಟಿಂಗ್ ಪಿಚ್‌ಗಳ ಮೇಲೆ ಬೌಲಿಂಗ್ ಕಲಿತು, ಈಗ ಹ್ಯಾಂಪ್‌ಶೈರ್‌ನ ದಕ್ಷಿಣ ಭಾಗದ ಒಂದು ಸಣ್ಣ ಕ್ಲಬ್ಬಿನಲ್ಲಿ ವಾರಾಂತ್ಯಕ್ಕೆ ಮಧ್ಯಮ ವೇಗದ ಬೌಲಿಂಗ್ ಮಾಡುವ ನನಗೆ ಆ ಬೆರಗು ಓದಿನಿಂದ ಮಾತ್ರ ಅರ್ಥವಾಗಲಿಲ್ಲ. ಸೊಂಟದ ಮಟ್ಟದಿಂದ ಬಿಟ್ಟ ಚೆಂಡಿಗೆ ದಾಂಡಿಗರು ಹೆದರುತ್ತಿದ್ದುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲೆಂದು, ಆ ಬೌಲಿಂಗನ್ನು ಕಾಲಾನುಕ್ರಮದಲ್ಲಿ ನನ್ನ ಕೈಯಿಂದಲೇ ಮಾಡಿ ನೋಡಲು ಶುರುಮಾಡಿದೆ. ಮೊದಲು ಅಂಡರ್‌ಆರ್ಮ್, ಅದು ಹಿಡಿತಕ್ಕೆ ಬಂದ ಮೇಲೆ ತೋಳನ್ನು ಪಕ್ಕಕ್ಕೆ ಚಾಚಿ ಸುತ್ತಿಸುವ ರೌಂಡ್‌ಆರ್ಮ್, ಕೊನೆಗೆ ನನಗೆ ಗೊತ್ತಿದ್ದ, ಕೈಯನ್ನು ತಲೆಯ ಮೇಲಿಂದ ತರುವ ಓವರ್‌ಆರ್ಮ್‌ಗೆ ಮರಳುವುದು, ಇದು ನಾನು ಹಾಕಿಕೊಂಡ ಕ್ರಮ.

ಮೊದಲು ಆಧಾರಗಳ ವಿಚಾರ. 18ನೆಯ ಶತಮಾನದಲ್ಲಿ ಹ್ಯಾಂಪ್‌ಶೈರ್‌ನ ಹಳ್ಳಿಯೊಂದರಲ್ಲಿದ್ದ ಹೆಸರಾಂತ ಹ್ಯಾಂಬಲ್ಡನ್ ಕ್ರಿಕೆಟ್ ಕ್ಲಬ್ಬಿನ ಬೌಲರುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಜಾನ್ ನೈರನ್ 1833ರಲ್ಲಿ ಪ್ರಕಟಿಸಿದ ನೆನಪುಗಳಿಂದ ಬಂದದ್ದು. ಈತನ ತಂದೆ ರಿಚರ್ಡ್ ನೈರನ್ ಆ ಕ್ಲಬ್ಬಿನ ನಾಯಕನೂ ಬ್ರಾಡ್‌ಹಾಫ್‌ಪೆನ್ನಿ ಡೌನ್ ಮೈದಾನದ ಎದುರಿನ ಬ್ಯಾಟ್ ಅಂಡ್ ಬಾಲ್ ಎಂಬ ಹೋಟೆಲಿನ ಯಜಮಾನನೂ ಆಗಿದ್ದುದರಿಂದ, ಮಗ ಬೆಳೆದದ್ದೇ ಆಟಗಾರರ ನಡುವೆ. ಆದರೆ ಥಾಮಸ್ ಬ್ರೆಟ್‌ನಂತಹ ಅತಿ ವೇಗದ, ಅತಿ ನೇರದ ಬೌಲರ್ ಇನ್ನೊಬ್ಬನಿಲ್ಲ ಎಂದು ಆತ ಹೊಗಳುವಾಗ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಬ್ರೆಟ್ ಪ್ರಮುಖ ಪಂದ್ಯಗಳಿಂದ ಮರೆಯಾದದ್ದು 1778ರ ಹೊತ್ತಿಗೆ, 1764ರ ಕೊನೆಯಲ್ಲಿ ಹುಟ್ಟಿದ ನೈರನ್ ಆಗ ಇನ್ನೂ ಹುಡುಗ. ಹುಡುಗನ ಕಣ್ಣಿಗೆ ಕಂಡ ವೇಗವನ್ನು ಮುದುಕನಾದ ಮೇಲೆ ನೆನೆದು ಬರೆದದ್ದು ಅದು. ಸ್ಕೋರ್‌ಕಾರ್ಡುಗಳೂ ಬೌಲರನಿಗೆ ನ್ಯಾಯ ಒದಗಿಸುವುದಿಲ್ಲ. ಆ ಕಾಲದ ಕಾರ್ಡುಗಳಲ್ಲಿ ಬೌಲ್ಡ್ ಆದ ವಿಕೆಟ್ ಮಾತ್ರ ಬೌಲರನ ಹೆಸರಿಗೆ ಸೇರುತ್ತಿತ್ತು. ಕ್ಯಾಚ್ ಆದರೆ ಹಿಡಿದವನ ಹೆಸರು ದಾಖಲಾಗುತ್ತಿತ್ತೇ ಹೊರತು ಬೌಲ್ ಮಾಡಿದವನದಲ್ಲ, ಮತ್ತು ಈ ಪದ್ಧತಿ ಬದಲಾದದ್ದು 1830ರ ದಶಕದಲ್ಲಿ. ಚೆಂಡನ್ನು ಪುಟಿಸಿ ಕ್ಯಾಚ್ ಕೊಡಿಸುವವನ ವಿಕೆಟ್‌ಗಳು ಹೀಗೆ ಲೆಕ್ಕದಿಂದಲೇ ಹೊರಗುಳಿದವು. ಆದ್ದರಿಂದ ಹಳೆಯ ಬೌಲರುಗಳನ್ನು ವಿಕೆಟ್‌ಗಳ ಸಂಖ್ಯೆಯಿಂದ ಹೋಲಿಸುವ ಗೋಜಿಗೆ ನಾನು ಹೋಗಲೇ ಇಲ್ಲ.

1744ರ ನಿಯಮಗಳ ಪ್ರಕಾರ ವಿಕೆಟ್ ಎಂದರೆ ಎರಡೇ ಸ್ಟಂಪು, 22 ಇಂಚು ಎತ್ತರ, 6 ಇಂಚು ಅಗಲ, ಮೇಲೊಂದು ಬೇಲ್. ಪಿಚ್‌ನ ಉದ್ದ ಮಾತ್ರ ಇಂದಿನಂತೆಯೇ 22 ಗಜ, ಓವರಿಗೆ ನಾಲ್ಕು ಚೆಂಡು. ಚೆಂಡಿನ ತೂಕ 1774ರಲ್ಲಿ ಐದೂವರೆ ಔನ್ಸಿನಿಂದ ಐದೂಮುಕ್ಕಾಲು ಔನ್ಸಿನ ನಡುವೆ ನಿಗದಿಯಾದದ್ದು ಈಗಲೂ ಹಾಗೆಯೇ ಇರುವುದರಿಂದ, ಚೆಂಡಿಗಾಗಿ ನಾನು ಹುಡುಕಾಡಬೇಕಾಗಲಿಲ್ಲ. ಕಾಡುಕೋಲುಗಳನ್ನು ಅಳತೆಗೆ ಕತ್ತರಿಸಿ, ಮೈದಾನದ ಅಂಚಿನಲ್ಲಿ ರೋಲರ್ ಓಡಿಸದೆ ಬಿಟ್ಟ, ಸ್ವಲ್ಪ ಇಳಿಜಾರಿನ ಹುಲ್ಲಿನ ಜಾಗದಲ್ಲಿ ನೆಟ್ಟೆ. ಈ ಜಾಗದ ಆಯ್ಕೆಯೇ ಮುಂದೆ ಎಲ್ಲಕ್ಕಿಂತ ಮುಖ್ಯವಾಯಿತು.

ಅಂಡರ್‌ಆರ್ಮ್ ಎಂದರೆ ನಮ್ಮ ಗಲ್ಲಿಗಳಲ್ಲಿ ಟೆನಿಸ್ ಚೆಂಡಿನಿಂದ ಮೆಲ್ಲಗೆ ಹಾಕುವ ಬೌಲಿಂಗ್ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕಾಯಿತು. ಓಡಿಬಂದು, ಎಡಗಾಲನ್ನು ಬಲವಾಗಿ ಊರಿ, ಸೊಂಟದ ತಿರುವಿನ ಬಲವನ್ನೆಲ್ಲ ತೋಳಿಗೆ ಸಾಗಿಸಿ ಕೈಯನ್ನು ತೊಡೆಯ ಪಕ್ಕದಿಂದ ಮುಂದಕ್ಕೆ ಬೀಸಿದರೆ ಚೆಂಡು ನಿಜವಾಗಿಯೂ ವೇಗವಾಗಿ ಹೋಗುತ್ತದೆ; ನನ್ನ ಓವರ್‌ಆರ್ಮ್ ವೇಗದ ಅರ್ಧಕ್ಕಿಂತ ಹೆಚ್ಚು, ಮೂರನೆಯ ಎರಡು ಭಾಗಕ್ಕಿಂತ ಕಡಿಮೆ ಎಂದು ಅಂದಾಜಿಸಬಲ್ಲೆ. ತೋಳು ಮೈಗೆ ತಗುಲಿ ಚೆಂಡು ಚಿಮ್ಮಿದರೆ ಅದನ್ನು ಜರ್ಕ್ ಎಂದು ಕರೆದು ನಿಷೇಧಿಸಿದ್ದರು. ಇದು ಏಕೆ ಎಂಬುದು ಅಭ್ಯಾಸ ಮಾಡುವಾಗ ತಿಳಿಯಿತು: ಮೊಣಕೈಯನ್ನು ಪಕ್ಕೆಗೆ ಬಡಿದರೆ ಮುಂದೋಳು ಚಾಟಿಯ ತುದಿಯಂತೆ ಹಾರಿ, ಶ್ರಮವಿಲ್ಲದೆ ಇನ್ನಷ್ಟು ವೇಗ ಸಿಗುತ್ತದೆ. ಬ್ರೆಟ್ ಜರ್ಕ್ ಮಾಡುತ್ತಿರಲಿಲ್ಲ ಎಂದು ನೈರನ್ ಒತ್ತಿ ಹೇಳಿರುವುದಕ್ಕೆ ಕಾರಣ ಇದೇ ಇರಬೇಕು. ಅಷ್ಟು ವೇಗ ಕಂಡವರಿಗೆ ಮೊದಲು ಬರುವ ಅನುಮಾನವೇ ಅದು.

ನೇರವಾಗಿ ಬೌಲ್ ಮಾಡುವುದು ನಾನು ಎಣಿಸಿದ್ದಕ್ಕಿಂತ ಬಹಳ ಸುಲಭವಾಗಿತ್ತು. ಅಂಡರ್‌ಆರ್ಮ್‌ನಲ್ಲಿ ಕೈ ಲಂಬವಾದ ಸಮತಲದಲ್ಲಿ, ಗುರಿಯ ನೇರಕ್ಕೆ ಬೀಸುವುದರಿಂದ, ಚೆಂಡನ್ನು ತುಸು ಬೇಗ ಅಥವಾ ತುಸು ತಡವಾಗಿ ಬಿಟ್ಟರೆ ಲೆಂತ್ (ಚೆಂಡು ದಾಂಡಿಗನಿಂದ ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ ಎಂಬುದು) ಕೆಡುತ್ತದೆಯೇ ಹೊರತು ದಿಕ್ಕು ಕೆಡುವುದಿಲ್ಲ. 6 ಇಂಚಿನ ವಿಕೆಟ್ಟಿಗೆ ಗುರಿಯಿಡುವ ಬೌಲರನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಲೆಂತ್ ಎಂಬುದೇ ಆ ಕಾಲದ ದೊಡ್ಡ ಶೋಧನೆ. ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದ ಹಳೆಯ ರೂಢಿ ಹೋಗಿ, ದಾಂಡಿಗನ ಮುಂದೆ ಪಿಚ್ ಮಾಡಿಸುವ ಪದ್ಧತಿ 18ನೆಯ ಶತಮಾನದ ಮಧ್ಯಭಾಗದ ನಂತರ ನೆಲೆಯೂರಿತು. ಹಾಕಿ ಕೋಲಿನಂತೆ ಬಾಗಿದ್ದ ಬ್ಯಾಟು ನೇರವಾದದ್ದೂ ಅದರ ಪರಿಣಾಮವೇ. ಈ ಕಲೆಯನ್ನು ಪೂರ್ಣಗೊಳಿಸಿದವನು ಡೇವಿಡ್ ಹ್ಯಾರಿಸ್, ವೃತ್ತಿಯಿಂದ ಕುಂಬಾರ, 1755ರಿಂದ 1803ರವರೆಗೆ ಬಾಳಿದವನು. ಆತ ಚೆಂಡನ್ನು ಹಣೆಯ ಮಟ್ಟಕ್ಕೆ ಎತ್ತಿ, ಬಳಿಕ ಕೈಯನ್ನು ಕಂಕುಳಿನ ಹತ್ತಿರಕ್ಕೆ ತಂದು, ಅಲ್ಲಿಂದ ತಿರುಚುತ್ತಾ ತಳ್ಳಿದಂತೆ ಬಿಡುತ್ತಿದ್ದನಂತೆ. ಈ ವರ್ಣನೆಯನ್ನು ಅಕ್ಷರಶಃ ಅನುಸರಿಸಿದರೆ ಮೊದಮೊದಲು ಮಣಿಕಟ್ಟು ನೋಯುತ್ತದೆ, ಚೆಂಡು ಎಲ್ಲೆಲ್ಲಿಗೋ ಹೋಗುತ್ತದೆ. ಹಿಡಿತಕ್ಕೆ ಬಂದ ಮೇಲೆ ಮಾತ್ರ ನಾನು ನಿರೀಕ್ಷಿಸದೆ ಇದ್ದದ್ದು ಕಂಡಿತು. ಅಂಡರ್‌ಆರ್ಮ್ ಚೆಂಡನ್ನು ಕೊನೆಗೆ ಮುಟ್ಟುವ ಬೆರಳುಗಳು ಅದರ ಹಿಂಬದಿಯನ್ನು ಮೇಲಕ್ಕೆ ಸವರಿ ಬಿಡುವುದರಿಂದ ಚೆಂಡು ತಾನಾಗಿಯೇ ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುವಂತಹ ತಿರುಗುವಿಕೆ, ಪಡೆಯುತ್ತದೆ. ಗಾಳಿಯಲ್ಲಿ ಬೇಗ ಇಳಿಯುವ ಆ ಚೆಂಡು ನೆಲಕ್ಕೆ ಕಡಿದಾಗಿ ಬಿದ್ದು, ಬಿದ್ದ ಮೇಲೆ ಮುನ್ನುಗ್ಗಿ ಮೇಲೇಳುತ್ತದೆ. ನಮ್ಮ ಕ್ಲಬ್ಬಿನ ಒಬ್ಬ ಒಳ್ಳೆಯ ದಾಂಡಿಗ, ಓವರ್‌ಆರ್ಮ್‌ನಲ್ಲಿ ನನ್ನನ್ನು ನಿರಾಯಾಸವಾಗಿ ಆಡುವವನು, ಇದರ ಎದುರು ಬೆರಳಿಗೆ ಪೆಟ್ಟು ತಿಂದ. ಹ್ಯಾರಿಸ್‌ನ ಚೆಂಡು ದಾಂಡಿಗರ ಬೆರಳ ಗೆಣ್ಣುಗಳನ್ನು ಬ್ಯಾಟಿನ ಹಿಡಿಗೆ ಅರೆದು ರಕ್ತ ಬರಿಸುತ್ತಿತ್ತು ಎಂಬ ಮಾತು ಉತ್ಪ್ರೇಕ್ಷೆಯಲ್ಲವೆಂದು ನನಗೆ ಮನವರಿಕೆಯಾದದ್ದು ಆಗಲೇ. ಆ ದಾಂಡಿಗರಿಗೆ ಗ್ಲೌಸ್ ಕೂಡ ಇರಲಿಲ್ಲ. ಕೈಯಿಂದ ಹೊರಟ ವೇಗಕ್ಕಿಂತ ನೆಲ ಮುಟ್ಟಿದ ಮೇಲಿನ ನಡವಳಿಕೆಯನ್ನೇ ಅವರು ವೇಗವೆಂದು ಅನುಭವಿಸುತ್ತಿದ್ದರು ಎಂಬುದು ನನ್ನ ನಿಲುವು. ಕೊನೆಯ ವರ್ಷಗಳಲ್ಲಿ ಗೌಟ್ ಕಾಯಿಲೆಯಿಂದ ನರಳುತ್ತಿದ್ದ ಹ್ಯಾರಿಸ್ ಮೈದಾನಕ್ಕೆ ಆರಾಮಕುರ್ಚಿ ತರಿಸಿಕೊಂಡು, ಚೆಂಡು ಹಾಕಿ ಬಂದು ಅದರಲ್ಲಿ ಕೂರುತ್ತಿದ್ದನಂತೆ. ಅಂಥವನನ್ನೂ ತಂಡಗಳು ಬಿಟ್ಟುಕೊಡಲಿಲ್ಲ ಎಂದಮೇಲೆ ಓಟದ ಬಿರುಸೊಂದೇ ಆತನ ಬಂಡವಾಳವಾಗಿರಲಿಲ್ಲ.

ನೆಲದ ವಿಷಯಕ್ಕೆ ಬಂದರೆ, 1774ರ ನಿಯಮಗಳಲ್ಲಿ ವಿಕೆಟ್ ಎಲ್ಲಿ ನೆಡಬೇಕೆಂಬ ಆಯ್ಕೆ, ಗೊತ್ತುಪಡಿಸಿದ ಕೇಂದ್ರದಿಂದ 30 ಗಜದೊಳಗೆ, ಹೊರಗಿನಿಂದ ಬಂದ ತಂಡಕ್ಕೆ ಸೇರಿತ್ತು, ಮತ್ತು ವಾಸ್ತವದಲ್ಲಿ ಅದನ್ನು ಮಾಡುತ್ತಿದ್ದವರು ಮುಖ್ಯ ಬೌಲರುಗಳು. ಸರ್ರಿಯ ಲಂಪಿ ಸ್ಟೀವನ್ಸ್ ಇಳಿಜಾರಿನ ಜಾಗವನ್ನೇ ಆರಿಸುತ್ತಿದ್ದ. ಚೆಂಡು ನೆಲಕ್ಕೆ ಅಂಟಿ ಜಾರಿ ಸ್ಟಂಪಿಗೆ ಬಡಿಯುವುದು ಆತನಿಗೆ ಎಲ್ಲಕ್ಕಿಂತ ಪ್ರಿಯವಾಗಿತ್ತು. ಏರುಜಾಗ ಆರಿಸಿಕೊಂಡಿದ್ದರೆ ಇನ್ನೂ ಹೆಚ್ಚು ಕ್ಯಾಚುಗಳು ಸಿಗುತ್ತಿದ್ದವು ಎಂದು ನೈರನ್ ಆತನನ್ನು ಆಕ್ಷೇಪಿಸುತ್ತಾನೆ. ಎರಡನ್ನೂ ಪರೀಕ್ಷಿಸಲು ನಾನು ಒಂದೇ ಇಳಿಜಾರಿನಲ್ಲಿ ಎರಡೂ ತುದಿಗಳಿಂದ ಬೌಲ್ ಮಾಡಿದೆ. ಏರಿನ ಕಡೆಗೆ ಹಾಕಿದ ಚೆಂಡು ಎದೆಗೆ ಏರಿತು, ಇಳಿಜಾರಿನ ಕಡೆಗೆ ಹಾಕಿದ್ದು ಕಣಕಾಲಿನ ಮಟ್ಟದಲ್ಲೇ ಸರಿಯಿತು, ನನ್ನ ಕೈಯಲ್ಲಿ ಯಾವ ಬದಲಾವಣೆಯೂ ಇಲ್ಲದೆಯೇ. ಕ್ಯಾಚಿಗೆ ಬೌಲರನ ಹೆಸರೇ ದಾಖಲಾಗದ ಕಾಲದಲ್ಲಿ ಲಂಪಿ ಸ್ಟಂಪನ್ನೇ ಬಯಸಿದ್ದರಲ್ಲಿ ನನಗೇನೂ ಮೂರ್ಖತನ ಕಾಣುವುದಿಲ್ಲ. ಪಾಪ, ಸ್ಟಂಪು ಕೂಡ ಆತನಿಗೆ ಒಮ್ಮೆ ಕೈಕೊಟ್ಟಿತು: 1775ರ ಮೇ ತಿಂಗಳಲ್ಲಿ ಲಂಡನ್ನಿನ ಆರ್ಟಿಲರಿ ಗ್ರೌಂಡ್‌ನಲ್ಲಿ ಆತನ ಚೆಂಡು ಮೂರು ಬಾರಿ ಜಾನ್ ಸ್ಮಾಲ್‌ನ ಎರಡು ಸ್ಟಂಪುಗಳ ನಡುವೆ ಬೇಲ್ ಬೀಳಿಸದೆ ತೂರಿಹೋಯಿತು, ಸ್ಮಾಲ್ ಉಳಿದು ಪಂದ್ಯ ಗೆದ್ದುಕೊಟ್ಟ. ಮಧ್ಯದ ಸ್ಟಂಪು ಬಂದದ್ದು ಆ ಬಳಿಕ.

ಇನ್ನು ರೌಂಡ್‌ಆರ್ಮ್. ಹ್ಯಾಂಬಲ್ಡನ್‌ನ ಟಾಮ್ ವಾಕರ್ ಇದನ್ನು ಪ್ರಯತ್ನಿಸಿ ತನ್ನ ಕ್ಲಬ್ಬಿನವರಿಂದಲೇ ಆಕ್ಷೇಪ ಎದುರಿಸಿದ. ಕೆಂಟ್‌ನ ಜಾನ್ ವಿಲ್ಸ್ ಇದನ್ನು ಮತ್ತೆ ಚಲಾವಣೆಗೆ ತಂದು, 1822ರ ಜುಲೈಯಲ್ಲಿ ಲಾರ್ಡ್ಸ್‌ನಲ್ಲಿ ನೋಬಾಲ್ ಕರೆಸಿಕೊಂಡು, ಚೆಂಡನ್ನು ಬಿಸುಟು ಕುದುರೆಯೇರಿ ಹೊರಟುಹೋದ. ಆತನ ತಂಗಿ ಅಗಲವಾದ ಲಂಗದಿಂದಾಗಿ ಕೈಯನ್ನು ಮೇಲೆತ್ತಿ ಹಾಕುತ್ತಿದ್ದಳು, ಅದನ್ನು ನೋಡಿ ಆತ ಕಲಿತ ಎಂಬ ಕಥೆ ಚೆನ್ನಾಗಿದೆ. ಆದರೆ ಆ ವರ್ಷಗಳಲ್ಲಿ ಅಂತಹ ಅಗಲದ ಲಂಗ ಬಳಕೆಯಲ್ಲಿರಲಿಲ್ಲವಾದ್ದರಿಂದ ನಾನು ಅದನ್ನು ನಂಬುವುದಿಲ್ಲ. ಸಸೆಕ್ಸ್‌ನ ವಿಲಿಯಂ ಲಿಲಿವೈಟ್ ಮತ್ತು ಜೆಮ್ ಬ್ರಾಡ್‌ಬ್ರಿಡ್ಜ್ 1827ರಲ್ಲಿ ಇಂಗ್ಲೆಂಡ್ ತಂಡದ ವಿರುದ್ಧದ ಪ್ರಾಯೋಗಿಕ ಪಂದ್ಯಗಳಲ್ಲಿ ಈ ಶೈಲಿಯ ಪರಿಣಾಮವನ್ನು ತೋರಿಸಿಕೊಟ್ಟ ಮೇಲೆ, 1828ರಲ್ಲಿ ಮೊಣಕೈವರೆಗೆ, 1835ರಲ್ಲಿ ಭುಜದವರೆಗೆ ಕೈ ಎತ್ತಲು ಅನುಮತಿ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಶೈಲಿಯೇ. ತೋಳು ನೆಲಕ್ಕೆ ಸಮಾನಾಂತರವಾಗಿ ಸುತ್ತುವುದರಿಂದ, ಬಿಡುವ ಕ್ಷಣದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ಇಲ್ಲಿ ದಿಕ್ಕಿನ ದೋಷವಾಗುತ್ತದೆ. ಅಂಡರ್‌ಆರ್ಮ್ ಮತ್ತು ಓವರ್‌ಆರ್ಮ್ ಎರಡರಲ್ಲೂ ಇಲ್ಲದ ಶಾಪ ಇದು. ಬೇಗ ಬಿಟ್ಟ ಚೆಂಡು ಲೆಗ್ ಕಡೆಗೂ ತಡವಾಗಿ ಬಿಟ್ಟದ್ದು ಆಫ್ ಕಡೆಗೂ ಹೋಗಿ, ಕೀಪರನ ಹಿಂದೆ ಚೆಂಡು ತಡೆಯುವ ಲಾಂಗ್‌ಸ್ಟಾಪ್ ಎಂಬ ಫೀಲ್ಡರ್ ಇಲ್ಲದೆ ಅಭ್ಯಾಸವೇ ನಡೆಯದಂತಾಯಿತು. ರೌಂಡ್‌ಆರ್ಮ್ ಕಾಲದ ಕಾರ್ಡುಗಳಲ್ಲಿ ಬೈ ಮತ್ತು ವೈಡ್‌ಗಳ ಮೊತ್ತ ಕೆಲವೊಮ್ಮೆ ಯಾವ ದಾಂಡಿಗನ ಮೊತ್ತಕ್ಕಿಂತಲೂ ಹೆಚ್ಚಿರುವುದು ಈಗ ನನಗೆ ಸ್ವಾಭಾವಿಕವಾಗಿ ತೋರುತ್ತದೆ. ಹೀಗಿದ್ದೂ ಬೌಲರುಗಳು ಈ ಶೈಲಿಯನ್ನು ಬಯಸಿದ್ದೇಕೆ? ವಿಕೆಟ್‌ನ ಬಲಬದಿಯಿಂದ ಬಂದು ಹಾಕಿದಾಗ, ಲೆಗ್ ಕಡೆಯಿಂದ ಆಫ್ ಕಡೆಗೆ ಓರೆಯಾಗಿ ಹಾಯುವ ಚೆಂಡನ್ನು ದಾಂಡಿಗ ನೇರ ಬ್ಯಾಟಿನಿಂದ ತಡೆಯಲು ತಿಣುಕುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ಅಂಡರ್‌ಆರ್ಮ್‌ನ ನೇರ ಚೆಂಡಿಗೆ ಎರಡು ತಲೆಮಾರಿನ ದಾಂಡಿಗರು ಮುಂದೆ ಬಂದು ಆಡುವುದನ್ನು ಕಲಿತುಬಿಟ್ಟಿದ್ದರು. ಓರೆ ಕೋನಕ್ಕೆ ಅವರ ಬಳಿ ಉತ್ತರ ಇರಲಿಲ್ಲ.

ಈ ಶೈಲಿಯ ವೇಗದ ಬೌಲರುಗಳಲ್ಲಿ ಕೆಂಟ್‌ನ ಆಲ್ಫ್ರೆಡ್ ಮಿನ್ ದೊಡ್ಡ ಹೆಸರು. ಆರಡಿಗೂ ಮೀರಿದ ಎತ್ತರದ ಭಾರೀ ಆಳು. ಇದೇ ಶೈಲಿಯ ಏಟನ್ನು ಅತಿ ಕ್ರೂರವಾಗಿ ಅನುಭವಿಸಿದವನೂ ಆತನೇ. 1836ರಲ್ಲಿ ಲೆಸ್ಟರ್‌ನಲ್ಲಿ ದಕ್ಷಿಣ ತಂಡದ ಪರ ಅಜೇಯ 125 ರನ್ ಹೊಡೆಯುವಾಗ, ಮೊದಲೇ ನೋವಾಗಿದ್ದ ಕಾಲಿಗೆ ಸ್ಯಾಮ್ಯುಯೆಲ್ ರೆಡ್‌ಗೇಟ್‌ನ ಚೆಂಡುಗಳು ಮತ್ತೆ ಮತ್ತೆ ಬಡಿದು, ಕೋಚ್ ಗಾಡಿಯ ಮೇಲೆ ಮಲಗಿಸಿ ಲಂಡನ್ನಿಗೆ ಒಯ್ಯಬೇಕಾಯಿತು. ಕಾಲು ಕತ್ತರಿಸುವ ಮಾತೂ ಬಂದಿತ್ತು. ನಾನಂತೂ ಪ್ಯಾಡ್ ಕಟ್ಟದ ಯಾರಿಗೂ ರೌಂಡ್‌ಆರ್ಮ್ ಹಾಕುವುದಿಲ್ಲ.

ಓವರ್‌ಆರ್ಮ್‌ಗೆ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ಆದರೆ ರೌಂಡ್‌ಆರ್ಮ್‌ನಲ್ಲಿ ದಣಿದ ಮೇಲೆ ಕೈ ತಾನಾಗಿಯೇ ಭುಜದ ಮೇಲಕ್ಕೆ ಏರುವುದನ್ನು ಗಮನಿಸಿದೆ. ದಿಕ್ಕಿನ ಹಿಡಿತಕ್ಕಾಗಿ ದೇಹವೇ ಲಂಬ ಸಮತಲವನ್ನು ಹುಡುಕುತ್ತದೆ. 1862ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಎಡಗೈ ವೇಗಿ ಎಡ್ಗರ್ ವಿಲ್ಷರ್‌ಗೆ ಅಂಪೈರ್ ಜಾನ್ ಲಿಲಿವೈಟ್ ಸಾಲಾಗಿ ಆರು ನೋಬಾಲ್ ಕರೆದಾಗ ವಿಲ್ಷರ್ ಮೈದಾನ ಬಿಟ್ಟು ನಡೆದ, ಮರುದಿನ ಅಂಪೈರನೇ ಬದಲಾದ. ಈ ಜಾನ್, ರೌಂಡ್‌ಆರ್ಮ್‌ಗಾಗಿ ಹೋರಾಡಿದ ವಿಲಿಯಂ ಲಿಲಿವೈಟ್‌ನ ಮಗ. ಎರಡು ವರ್ಷಗಳಲ್ಲಿ ನಿಯಮ ಸಡಿಲವಾಯಿತು. ಮೈದಾನಗಳು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ: 1870ರ ಜೂನ್‌ನಲ್ಲಿ ಲಾರ್ಡ್ಸ್‌ನ ಒರಟು ಪಿಚ್ ಮೇಲೆ ಜಾನ್ ಪ್ಲಾಟ್ಸ್‌ನ ಚೆಂಡು ಪುಟಿದು ನಾಟಿಂಗ್‌ಹ್ಯಾಮ್‌ಶೈರ್‌ನ ಜಾರ್ಜ್ ಸಮ್ಮರ್ಸ್‌ನ ತಲೆಗೆ ಬಡಿಯಿತು, ಕೆಲವು ದಿನಗಳಲ್ಲಿ ಆತ ತೀರಿಕೊಂಡ. ಮುಂದಿನ ದಾಂಡಿಗ ರಿಚರ್ಡ್ ಡ್ಯಾಫ್ಟ್ ತಲೆಗೆ ಟವೆಲ್ ಸುತ್ತಿಕೊಂಡು ಬಂದ. ಹ್ಯಾರಿಸ್ ಹುಡುಕಿಕೊಂಡು ಹೋಗುತ್ತಿದ್ದ ಪುಟಿತವೂ ಓವರ್‌ಆರ್ಮ್‌ನ ವೇಗವೂ ಒಂದೇ ಪಿಚ್‌ನಲ್ಲಿ ಸೇರಬಾರದೆಂಬುದು ಆ ಸಾವಿನಿಂದ ಸ್ಪಷ್ಟವಾಗಿ, ಪಿಚ್ ಸಿದ್ಧಪಡಿಸುವವನ ರೋಲರ್ ಆಟದ ಭಾಗವಾಯಿತು.

ಇದನ್ನು ಮಾಡಿ ನೋಡಬಯಸುವವರು ಅಂಡರ್‌ಆರ್ಮ್‌ನಿಂದಲೇ ಶುರುಮಾಡಲಿ, ರೋಲರ್ ಕಾಣದ ನೆಲವನ್ನೇ ಆರಿಸಿಕೊಳ್ಳಲಿ. ಸಮತಟ್ಟಾದ ಪಿಚ್‌ನಲ್ಲಿ ಹ್ಯಾರಿಸ್‌ನ ಬೌಲಿಂಗ್ ಅರ್ಥವಾಗುವುದಿಲ್ಲ. ಬೆನ್ನಿನ ಕೆಳಭಾಗ ಮತ್ತು ಮುಂಗಾಲಿನ ಮಂಡಿಗೆ ಬೀಳುವ ಹೊರೆ ಓವರ್‌ಆರ್ಮ್‌ಗಿಂತ ಬೇರೆ ಬಗೆಯದಾದ್ದರಿಂದ ಆರಂಭದಲ್ಲಿ ಓಟವನ್ನು ಚಿಕ್ಕದಾಗಿಡಬೇಕು. ಪಂದ್ಯದಲ್ಲಿ ಹಾಕುವುದಾದರೆ ಇಂದಿನ ನಿಯಮದ ಪ್ರಕಾರ ಅಂಡರ್‌ಆರ್ಮ್‌ಗೆ ಪಂದ್ಯಕ್ಕೆ ಮೊದಲೇ ವಿಶೇಷ ಒಪ್ಪಂದ ಆಗಿರಬೇಕು, ಇಲ್ಲವಾದರೆ ಅದು ನೋಬಾಲ್. ರೌಂಡ್‌ಆರ್ಮ್‌ಗೆ ಅಂತಹ ಯಾವ ಅಡ್ಡಿಯೂ ಇಲ್ಲ, ಮೊಣಕೈ ನೆಟ್ಟಗಿದ್ದರೆ ಸಾಕು.