ಅರ್ಜಿಯ ಹಿಂದೆ ಹೋದಾಗ ಕಂಡದ್ದು

ನಮ್ಮ ವಿಭಾಗದ ಸಿಬ್ಬಂದಿ ಬಿಡುವಿಲ್ಲದೆ ದುಡಿಯುತ್ತಿದ್ದರೂ ಬಾಕಿ ಅರ್ಜಿಗಳ ರಾಶಿ ಕರಗುತ್ತಿರಲಿಲ್ಲ. ಹೆಚ್ಚುವರಿ ಜನರನ್ನು ಕೇಳುವ ಮೊದಲು, ಒಂದು ಅರ್ಜಿಯನ್ನು ಸ್ವೀಕೃತಿಯಿಂದ ವಿಲೇವಾರಿಯವರೆಗೆ ಹಿಂಬಾಲಿಸಿ, ಪ್ರತಿ ಮೇಜಿಗೆ ಅದು ಬಂದ ಮತ್ತು ಹೊರಟ ಸಮಯವನ್ನು ಅದಕ್ಕೇ ಅಂಟಿಸಿದ ಚೀಟಿಯಲ್ಲಿ ಬರೆಯಿಸಿದೆ. ನಿಜವಾದ ಕೆಲಸ ಹಿಡಿದದ್ದು ನಿಮಿಷಗಳಷ್ಟೇ. ಉಳಿದ ದಿನಗಳೆಲ್ಲ ಕಾಯುವುದರಲ್ಲೇ ಕಳೆದಿದ್ದವು. ಅರ್ಜಿದಾರರ ಅದೇ ವಿಳಾಸವನ್ನು ವಹಿಯಲ್ಲಿ, ಕಂಪ್ಯೂಟರ್‌ನಲ್ಲಿ, ಟಿಪ್ಪಣಿ ಹಾಳೆಯಲ್ಲಿ ಮೂವರು ಬರೆಯುತ್ತಿದ್ದರು, ಆ ವಹಿಯನ್ನೋ ಯಾರೂ ತೆರೆದು ನೋಡುತ್ತಿರಲಿಲ್ಲ. ಅದನ್ನು ಕೈಬಿಟ್ಟೆವು. ದಾಖಲೆಗಳ ಕೊರತೆಯನ್ನು ಸ್ವೀಕರಿಸುವಾಗಲೇ ಗುರುತಿಸತೊಡಗಿದೆವು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದ್ದು. ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದಂತೆ, ಸ್ಥಿರವಾಗಿ ನಡೆಯುವ ವ್ಯವಸ್ಥೆಯಲ್ಲಿ ದಿನಕ್ಕೆ ಸರಾಸರಿ 20 ಅರ್ಜಿಗಳು ಮುಗಿಯುತ್ತಿದ್ದು, ಸರಾಸರಿ 200 ಬಾಕಿಯಿದ್ದರೆ, ಒಂದೊಂದೂ ಸರಾಸರಿ 10 ದಿನ ಒಳಗೇ ಉಳಿಯುತ್ತದೆ. ಅಂದರೆ, ಮುಗಿಸುವ ವೇಗ ಅಷ್ಟೇ ಇದ್ದರೂ ಬಾಕಿ ಕಡಿಮೆಯಾದಷ್ಟೂ ಕಾಯುವ ದಿನಗಳು ಕಡಿಮೆ. ಆದ್ದರಿಂದ ಹಿಡಿದದ್ದು ಮುಗಿಯದೆ ಹೊಸದನ್ನು ಎತ್ತಿಕೊಳ್ಳಬಾರದೆಂದು ನಿಶ್ಚಯಿಸಿ, ‘ತುರ್ತು’ ಮುದ್ರೆಯನ್ನು (ಬಹುಪಾಲು ಅರ್ಜಿಗಳ ಮೇಲೂ ಅದಿತ್ತು!) ಒಬ್ಬರ ವಶಕ್ಕೆ ಒಪ್ಪಿಸಿದೆವು. ಅರ್ಜಿಗಳು ಬೇಗ ಮುಗಿಯತೊಡಗಿದಂತೆ, ‘ನನ್ನದೇನಾಯಿತು’ ಎಂದು ವಿಚಾರಿಸುವ ಕರೆಗಳೂ, ಅವುಗಳಿಗೆ ಉತ್ತರಿಸುವ ಹೊರೆಯೂ ತಗ್ಗಿದವು. ತಿಂಗಳ ಕೊನೆಯ ಒತ್ತಡ ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ; ಸಹಿ ಮಾಡುವ ಅಧಿಕಾರ ಒಬ್ಬರಲ್ಲೇ ಇರುವುದು ಅದಕ್ಕೆ ಕಾರಣ.