ಬಳಚಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ? ಡಿಎನ್‌ಎ ಚುಕ್ಕಿಗಳಲ್ಲಿ ಹುಡುಕಿದ ನನ್ನ ಅನುಭವ

ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಿದ್ದ ಅಕ್ಕ ನನ್ನ ಐಸ್ ಡಬ್ಬಿ ನೋಡಿ, "ತಂಗೀ, ಇದನ್ನ ತಿಂದ್ರೆ ಏನಾದ್ರೂ ಆಗ್ತದಾ?" ಎಂದರು. ನಾನು ಹುಡುಕುತ್ತಿದ್ದದ್ದೂ ಅದನ್ನೇ. ಬಳಚು ನೀರು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನೀರಿನ ವಿಬ್ರಿಯೊ ಬ್ಯಾಕ್ಟೀರಿಯಾ ಅದರ ಒಳಗೇ ಸೇರಿಕೊಳ್ಳುತ್ತದೆ, ಅದರಲ್ಲಿ ಕೆಲವು ಬಗೆ ರೋಗ ತರುತ್ತವೆ.

ತಟ್ಟೆಯಲ್ಲಿ ಬೆಳೆಸಿ ನೋಡಿದರೆ ಸಾಲದು. ವಿಬ್ರಿಯೊ ಬೆಳೆಸುವ ಟಿಸಿಬಿಎಸ್ ಅಗಾರ್ ಮೇಲೆ ಪ್ಯಾರಾಹೀಮೊಲಿಟಿಕಸ್ ಎಂಬ ಬಗೆ ಹಸಿರು, ವಲ್ನಿಫಿಕಸ್ ಎಂಬ ಇನ್ನೊಂದು ಬಗೆ ಕೂಡ ಸಾಮಾನ್ಯವಾಗಿ ಹಸಿರೇ. ಅದಕ್ಕೇ ಡಿಎನ್‌ಎ ಅರೇ, ಅಂದರೆ ಗೊತ್ತಿರುವ ಡಿಎನ್‌ಎ ತುಣುಕುಗಳನ್ನು ಚುಕ್ಕಿಚುಕ್ಕಿಯಾಗಿ ಅಂಟಿಸಿದ ಗಾಜಿನ ಪಟ್ಟಿ. ಹೊಂದುವ ಡಿಎನ್‌ಎ ಬಂದು ಕೂತರೆ ಆ ಚುಕ್ಕಿ ಹೊಳೆಯುತ್ತದೆ. ಒಂದೇ ಪಟ್ಟಿಯಲ್ಲಿ ಹತ್ತಾರು ಪ್ರಶ್ನೆ ಒಟ್ಟಿಗೆ ಕೇಳಬಹುದು.

25 ಗ್ರಾಂ ಮಾಂಸವನ್ನು 225 ಮಿಲಿ ಕ್ಷಾರದ ಪೆಪ್ಟೋನ್ ನೀರಿಗೆ ಹಾಕಿ, 35 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಚುಕ್ಕಿ ಬೆಳಗಿಸುತ್ತದೆ, ಹಾಗಾಗಿ ಬದುಕಿರುವವು ಮೊದಲು ಹೆಚ್ಚಲಿ ಅಂತ. ಆಮೇಲೆ ಡಿಎನ್‌ಎ ತೆಗೆದು, ಡಿಎನ್‌ಎಯನ್ನು ನಕಲು ಮಾಡುವ ಪಿಸಿಆರ್‌ನಲ್ಲಿ, ಹೊಳೆಯುವ ಸಿವೈ3 ಬಣ್ಣ ಕಟ್ಟಿದ ಪ್ರತಿಗಳನ್ನು ಮಾಡಿ ಪಟ್ಟಿಯ ಮೇಲೆ ಹಾಕಿದೆ.

ಪಟ್ಟಿಯ ಮೇಲೆ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್, ಜೊತೆಗೆ ಪ್ಯಾರಾಹೀಮೊಲಿಟಿಕಸ್‌ಗಾಗಿ ಟಿಎಲ್‌ಎಚ್, ಟಿಡಿಎಚ್, ಟಿಆರ್‌ಎಚ್ ಜೀನ್‌ಗಳ ತುಣುಕು, ಒಂದೊಂದಕ್ಕೂ ಮೂರು ಚುಕ್ಕಿ. ಪ್ರತಿ ತುಣುಕಿನ ಪಕ್ಕ ಅದರದ್ದೇ ಇನ್ನೊಂದು ತುಣುಕು, ನಡುವಿನ ಒಂದು ಅಕ್ಷರ ಮಾತ್ರ ಬದಲು. ತೊಳೆಯುವಾಗ ಬಿಸಿ ಸರಿಯಾಗಿದ್ದರೆ ಸರಿ ಚುಕ್ಕಿ ಹೊಳೆಯುತ್ತದೆ, ಪಕ್ಕದ್ದು ಮಂಕಾಗುತ್ತದೆ. ಎರಡೂ ಒಂದೇ ಥರ ಹೊಳೆದರೆ ಆ ಪಟ್ಟಿಯನ್ನು ನಾನು ನಂಬುವುದಿಲ್ಲ. ಅಂಚು ಒಣಗಿದರೂ ಅಷ್ಟೇ, ಇಡೀ ಹಿನ್ನೆಲೆ ಹೊಳೆಯುತ್ತದೆ. ಪಟ್ಟಿ ಇಡುವ ಪೆಟ್ಟಿಗೆಯೊಳಗೆ ಒದ್ದೆ ಕಾಗದ ಇಡಲೇಬೇಕು.

ನನ್ನ ಮೊದಲ ಪಟ್ಟಿಗಳು ಹಾಳಾದದ್ದು ಬೇರೆ ಕಾರಣಕ್ಕೆ. ಬಳಚಿನ ಡಿಎನ್‌ಎ ಬದಲು ಸುಮ್ನೆ ನೀರು ಹಾಕಿದ ಪಟ್ಟಿಯಲ್ಲೂ ಚುಕ್ಕಿ ಬೆಳಗಿತು! ಬರೀ 16ಎಸ್ ಬೆಳಗಿದ್ದರೆ ಪಿಸಿಆರ್ ಕಿಣ್ವದ ಮೇಲೆ ಅನುಮಾನ ಪಡಬಹುದಿತ್ತು. ಆ ಕಿಣ್ವವನ್ನು ಹೆಚ್ಚಾಗಿ ಇ. ಕೋಲಿಯಲ್ಲೇ ತಯಾರಿಸುತ್ತಾರೆ, ಅದರ ಡಿಎನ್‌ಎ ಚೂರು ಉಳಿದಿರುತ್ತದೆ. ಆದರೆ ಬೆಳಗಿದ್ದು ಟಿಎಲ್‌ಎಚ್, ಪ್ಯಾರಾಹೀಮೊಲಿಟಿಕಸ್‌ನ ಗುರುತು. ಅದು ಬಂದದ್ದು ನನ್ನ ಮೇಜಿನಿಂದಲೇ. ಪಿಸಿಆರ್ ಆದ ಟ್ಯೂಬನ್ನು ಹೊಸ ಮಿಶ್ರಣ ಕಲಸುವ ಜಾಗದಲ್ಲೇ ತೆರೆಯುತ್ತಿದ್ದೆ, ಹಳೆಯ ಪ್ರತಿಗಳು ಹೊಸದಕ್ಕೆ ಸೇರಿಕೊಂಡಿದ್ದವು. ಎಲ್ಲ ಪಟ್ಟಿ ಎಸೆದೆ. ಈಗ ಎರಡು ಕೋಣೆ, ಎರಡು ಸೆಟ್ ಪಿಪೆಟ್. ಫಲಿತಾಂಶ ಬಂದ ಕೂಡಲೇ ನೋಡುವುದು ನೀರಿನ ಪಟ್ಟಿಯನ್ನೇ.

ಅಕ್ಕನ ಬಳಚಿನಲ್ಲಿ ಟಿಎಲ್‌ಎಚ್‌ನ ಮೂರೂ ಚುಕ್ಕಿ ಹೊಳೆದವು. ರೋಗಕ್ಕೆ ನಂಟಿರುವ ಟಿಡಿಎಚ್, ಟಿಆರ್‌ಎಚ್ ಎರಡೂ ಕಪ್ಪಾಗಿಯೇ ಇದ್ದವು. ಅಳಿವೆಯಲ್ಲಿ ಸಿಗುವ ಹೆಚ್ಚಿನ ಪ್ಯಾರಾಹೀಮೊಲಿಟಿಕಸ್ ಹೀಗೇ ಇರುತ್ತದೆ. ಆದರೂ ಮುಂದಿನ ಸಲ ಹೋದಾಗ ಹೇಳಿದೆ, "ಅಕ್ಕಾ, ಬಾಯಿ ಬಿಟ್ಟ ಕೂಡಲೇ ಇಳಿಸಬೇಡಿ, ಇನ್ನೂ ಸ್ವಲ್ಪ ಹೊತ್ತು ಕುದಿಯಲಿ."

"ನಮ್ಮನೇಲಿ ಯಾವಾಗ್ಲೂ ಹಾಗೇ ಮಾಡೂದು" ಅಂದರು ಅಕ್ಕ, ನನ್ನ ಡಬ್ಬಿಗೆ ಇನ್ನೊಂದು ಬೊಗಸೆ ಬಳಚು ಹಾಕುತ್ತ.